ಸೆಷನ್ ಎಲ್ಲಿದೆ?

ರಗಳೆಯೆಲ್ಲ ಶುರುವಾದದ್ದು ಒಂದು ಪದದಿಂದ. ಆ ಊರಿನಲ್ಲಿ ಸೆಷನ್ ಅಂದರೆ ನ್ಯಾಯಾಲಯದ್ದೂ ಅಲ್ಲ, ಶಾಸನಸಭೆಯದ್ದೂ ಅಲ್ಲ. ನಾಲ್ಕು ಜನ ಸುತ್ತ ಕೂತು, ಒಂದೇ ಲೋಟವನ್ನು ಕೈಯಿಂದ ಕೈಗೆ ದಾಟಿಸುತ್ತ ಲಂಬಾನೊಗ್, ಅಂದರೆ ತೆಂಗಿನ ಸಾರಾಯಿ, ಇಳಿಸಿದರೆ ಅದು ಸೆಷನ್. ಹೀಗಿರುವಾಗ ಕುಡಿತ ಬಿಡಿಸುವ ಗುಂಪಿನವರು ತಮ್ಮ ಚೀಟಿಯಲ್ಲಿ ‘ಶನಿವಾರ ಮೂರಕ್ಕೆ ಸೆಷನ್, ಚಿಕ್ಕ ಇಗರ್ಜಿಯ ಹಿಂದೆ’ ಎಂದು ಅಚ್ಚು ಹಾಕಿಸಿದ್ದರು. ಯಾವ ಪುಣ್ಯಾತ್ಮನ ಬುದ್ಧಿಯೋ!

ಫ್ಯಾನ್ ರಿಪೇರಿಯ ಪಿಡ್ಯೊಂಗನ ಕೈಗೆ ಆ ಚೀಟಿ ಕೊಟ್ಟವಳು ಮಗಳು ಲಿಗಾಯ. ಹೋದ ತಿಂಗಳು ಮೊಮ್ಮಗನಿಗೆ ಎಳೆಬಿಸಿಲು ಕಾಯಿಸಿ ತರುತ್ತೇನೆಂದು ಹೋದ ಪಿಡ್ಯೊಂಗ್ ಮಧ್ಯಾಹ್ನವಾದರೂ ಬಂದಿರಲಿಲ್ಲ. ಹುಡುಕಿಕೊಂಡು ಹೋದರೆ ಅಜ್ಜ ಸೆಷನ್ನಿನಲ್ಲಿ, ಮೊಮ್ಮಗ ಲೋಟ ತುಂಬುವವನ ತೊಡೆಯ ಮೇಲೆ. ಅಂದಿನಿಂದ ಲಿಗಾಯ ಮಗುವನ್ನು ಅಪ್ಪನ ಕೈಗೆ ಕೊಟ್ಟಿರಲಿಲ್ಲ. ನಾಳೆ ಮಗುವಿನ ಜ್ಞಾನಸ್ನಾನ.

“ಒಂದೇ ಒಂದು ದಿನ ಆ ಗುಂಪಿಗೆ ಹೋಗಿ ಬಾ ಅಪ್ಪಾ,” ಅಂದಿದ್ದಳು. “ನಡೆಸೋರ ಹತ್ರ ಇದರ ಮೇಲೆ ಸಹಿ ಹಾಕಿಸ್ಕೊಂಡು ಬಾ. ನಾಳೆ ನೀನೇ ಅವನನ್ನ ಇಗರ್ಜಿಯೊಳಗೆ ಎತ್ಕೊಂಡು ಹೋಗುವಿಯಂತೆ.”

ಪಿಡ್ಯೊಂಗನಿಗೆ ಆ ಮಗು ಅಂದರೆ ಪ್ರಾಣ. ಶನಿವಾರ ಬೆಳಗಿನಿಂದ ಒಂದು ಹನಿ ಮುಟ್ಟದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ.

ಚಿಕ್ಕ ಇಗರ್ಜಿಗಳೇನೋ ಕೇರಿಗೊಂದಿದ್ದವು. ಯಾವುದರ ಹಿಂದೆ? ಕುಡಿತ ಬಿಡಲು ಹೊರಟಿದ್ದೇನೆ ಎನ್ನಲು ನಾಚಿಕೆ. ಅಂಗಡಿ ನಡೆಸುವ ಆಲಿಂಗ್ ಚೊಲೆಂಗ್ ಎಂಬಾಕೆಯನ್ನು ಮೆಲ್ಲಗೆ, ಇವತ್ತು ಸೆಷನ್ ಎಲ್ಲಿ ಎಂದಷ್ಟೇ ಕೇಳಿದ. ಇದನ್ನೂ ಕೇಳಬೇಕೆ ಎಂಬಂತೆ ನೋಡಿ, ಆಕೆ ಅಲ್ಲಿನ ರೂಢಿಯಂತೆ ತುಟಿ ಮುಂದೆ ಮಾಡಿ ವೆಲ್ಡಿಂಗ್ ಶೆಡ್ಡಿನ ಕಡೆ ತೋರಿಸಿದಳು.

ಶೆಡ್ಡಿನ ಐವರು ಅವನನ್ನು ಕೂರಿಸಿಯೇಬಿಟ್ಟರು. ಅಲ್ಲಿ ಲೋಟ ಬೇಡವೆನ್ನುವುದು ಕೆನ್ನೆಗೆ ಹೊಡೆದಂತೆ. ಮಾತ್ರೆ ತಗೊಳ್ತಿದೀನಿ, ಕುಡಿಯೋ ಹಾಗಿಲ್ಲ ಎಂದ. ಯಾವುದಕ್ಕೆ ಎಂದರು. ಅದನ್ನು ಯೋಚಿಸಿರಲಿಲ್ಲ. ಗಡಿಬಿಡಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟ. ಐವರೂ ಮುಖ ಮುಖ ನೋಡಿಕೊಂಡರು. ಇಗರ್ಜಿಯ ಹತ್ತಿರದ ಸೆಷನ್ ಯಾವುದು ಎಂದು ಕೇಳಿದ್ದಕ್ಕೆ ಸಾವಾದ ಮನೆಯೊಂದರ ಗುರುತು ಹೇಳಿದರು.

ಅಲ್ಲಿ ಹೂಳುವ ಮುನ್ನ ಹೆಣದ ಪೆಟ್ಟಿಗೆಯ ಸುತ್ತ ನಡೆಯುವ ಜಾಗರಣೆಯ ಮೂರನೆಯ ದಿನ, ಅಂಗಳದಲ್ಲಿ ಸೆಷನ್ನೂ ಮೂರನೆಯ ದಿನ. ಪಿಡ್ಯೊಂಗ್ ತಲುಪುವ ಮೊದಲೇ ಫೋನಿನಲ್ಲಿ ಅವನ ಹೊಟ್ಟೆ ತಲುಪಿತ್ತು. ದಾರಿಯಲ್ಲಿ ಅದು ಲಿವರ್ ಆಗಿ, ಡಾಕ್ಟರು ಕೈಬಿಟ್ಟ ಲಿವರ್ ಆಗಿತ್ತು. ಜನ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಪೆಟ್ಟಿಗೆ ಮಾಡಿಕೊಟ್ಟ ಬಡಗಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ವಿಧವೆ ಅವನ ಕೈ ಹಿಡಿದು, ನಮ್ಮವರಿಗೂ ಹೀಗೇ ಶುರುವಾಗಿದ್ದು ಎಂದು ಅತ್ತಳು. ಪಿಡ್ಯೊಂಗನಿಗೂ ಅಳು ಬಂತು. ಆಕೆಯ ಕಿವಿಯಲ್ಲಿ ನಿಜ ಹೇಳಿಬಿಟ್ಟ. ವಿಧವೆ ಕಣ್ಣೊರೆಸಿಕೊಂಡು, ಒಂದು ಲೋಟ ಕಾಫಿ ಕುಡಿಸಿ, ನೀಲಿ ಗೇಟಿನ ಇಗರ್ಜಿಗೆ ತಾನೇ ದಾರಿ ತೋರಿಸಿದಳು. “ನಮ್ಮವರು ಈ ದಾರಿ ಕೇಳಲೇ ಇಲ್ಲ, ನೀವಾದ್ರೂ ಕೇಳಿದ್ರಲ್ಲ ಅಣ್ಣಾ,” ಎಂದಳು.

ಇಗರ್ಜಿಯ ಹಿಂದೆ ಆರು ಜನ ಸುತ್ತ ಕೂತಿದ್ದರು. ನಡುವೆ ಒಂದು ಬಾಟಲಿ, ಒಂದು ಲೋಟ. ಮತ್ತೆ ದಾರಿ ತಪ್ಪಿತೆಂದು ಪಿಡ್ಯೊಂಗ್ ತಿರುಗಿದ.

“ಬಾರಪ್ಪಾ, ಇದೇ,” ಅಂದರು ನಿವೃತ್ತ ಮೇಷ್ಟ್ರು ದಮಾಸೊ.

“ಕುಡಿತ ಬಿಡೋರದ್ದಾ?”

“ಹೂಂ.”

“ಮತ್ತೆ ಇದು?”

ಮೇಷ್ಟ್ರು ತಲೆ ತಗ್ಗಿಸಿದರು. “ನಾವು ಆರು ಜನ ಕುಡಿತ ಬಿಟ್ಟು ಇವತ್ತಿಗೆ ನೂರು ದಿನ. ನೂರು ದಿನಕ್ಕೊಂದು ಸಂತೋಷಕೂಟ ಬೇಡ್ವಾ ಅಂದ್ರು ಇವರು. ತಂದ್ವಿ. ಮೊದಲನೇ ಲೋಟ ಯಾರು ತಗೊಳ್ಳೋದು ಅಂತ ಒಂದು ಗಂಟೆ ಹೊತ್ತಿನಿಂದ ಹೀಗೇ ಕೂತಿದೀವಿ.”

ಆರು ಜೊತೆ ಕಣ್ಣು ಪಿಡ್ಯೊಂಗನ ಮೇಲೆ ನೆಟ್ಟವು. ಹೊಸಬ, ಅತಿಥಿ, ಮೊದಲ ಲೋಟ ಅವನಿಗೇ. ಕೈಗೆ ಬಂತು. ವಾಸನೆ ಪ್ರಾಣಕ್ಕೇ ತಾಗಿತು. ಆದರೆ ಮೊದಲ ಲೋಟವನ್ನು ತೀರಿಹೋದವರಿಗೆಂದು ನೆಲಕ್ಕೆ ಚೆಲ್ಲುವುದು ಅಲ್ಲಿನ ಪದ್ಧತಿ.

“ಇದು ಆಚೆ ಕೇರಿ ಹೆಣಕ್ಕೆ,” ಎಂದು ಚೆಲ್ಲಿದ. ಲೋಟ ಮತ್ತೆ ತುಂಬಿತು. “ಇದು ನಮ್ಮಪ್ಪನಿಗೆ.” ಅವನಪ್ಪ ಕುಡಿದೇ ಸತ್ತವನು. ಮೂರನೆಯದಕ್ಕೆ ಮೇಷ್ಟ್ರು ತಮ್ಮ ತಮ್ಮನ ಹೆಸರು ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳತೊಡಗಿದರು. ಹೆಸರುಗಳಿಗೇನು ಬರವೇ? ಬಾಟಲಿ ಮುಗಿದರೂ ಹೆಸರು ಮುಗಿಯಲಿಲ್ಲ. ಏಳೂ ಜನ ಮಕ್ಕಳಂತೆ ಅತ್ತು ಹಗುರಾದರು.

ಮೇಷ್ಟ್ರು ಚೀಟಿಗೆ ಸಹಿ ಹಾಕಿದರು. ಪಿಡ್ಯೊಂಗ್ ಹಾರುತ್ತ ಮನೆಗೆ ಬಂದ.

ಲಿಗಾಯ ಚೀಟಿಯನ್ನು ಬೆಳಕಿಗೆ ಹಿಡಿದಳು. ಮೇಷ್ಟ್ರ ನಡುಗುವ ಕೈ ಅಕ್ಷರಗಳನ್ನು ಹಾವು ಹರಿದಂತೆ ಎಳೆದಿತ್ತು. ಪ್ಯಾಂಟಿನ ಅಂಚಿಗೆ ಸಿಡಿದ ಲಂಬಾನೊಗ್ ಘಮಘಮ ಅನ್ನುತ್ತಿತ್ತು. ನೆಲಕ್ಕೆ ಸುರಿದೆ ಮಗಳೇ ಎಂದ. ಬೇಕಾದರೆ ನೋಡು ಎಂದು ಅವಳ ಮುಖದ ಮುಂದೆ ಉಸಿರು ಬಿಟ್ಟ.

“ವಾಸನೆ ಮುಚ್ಚೋಕೆ ಕಾಫಿ ಬೇರೆ,” ಅಂದಳು ಲಿಗಾಯ. “ನಡುಗೋ ಸಹಿನೂ ನಿಂದೇ, ವಾಸನೆನೂ ನಿಂದೇ. ಬಾಯಲ್ಲಾದ್ರೂ ನಿಜ ಹೇಳ್ಬಾರ್ದಾ ಅಪ್ಪಾ?”

ನೆಲಕ್ಕೆ ಸಾರಾಯಿ ಸುರಿದೆ ಎಂದು ಬೇರೆ ಯಾರಾದರೂ ಹೇಳಿದ್ದರೆ ಪಿಡ್ಯೊಂಗನೂ ನಂಬುತ್ತಿರಲಿಲ್ಲ. “ಮುಂದಿನ ಶನಿವಾರ ನೀನೇ ಜೊತೆಗೆ ಬಾ,” ಎಂದಷ್ಟೇ ಅಂದ. ಅವಳು ಚೀಟಿಯನ್ನು ಮಡಿಸಿಟ್ಟು, ಹೂಂ ಅಂದಳು.

ಭಾನುವಾರ ಮಗು ತಾಯಿಯ ತೋಳಿನಲ್ಲೇ ಇಗರ್ಜಿಗೆ ಹೋಯಿತು. ನೀರು ಹಾಕುವ ಮೊದಲು ಲಿಗಾಯ ಮಗುವಿನ ಟೋಪಿ ಬಿಚ್ಚಿ, ಆ ಟೋಪಿಯನ್ನು ಅಪ್ಪನ ಕೈಗೆ ಕೊಟ್ಟಳು. ಪಿಡ್ಯೊಂಗ್ ಪೂಜೆ ಮುಗಿಯುವವರೆಗೂ ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತಿದ್ದ.