ಹದಿನಾಲ್ಕು ಡ್ರೈವರು, ಒಬ್ಬ ಹೊಸ ಸೂಪರ್‌ವೈಜರ್

ಹದಿನಾಲ್ಕು ಜನ ಒಟ್ಟಿಗೆ ಕೆಲಸ ಮಾಡುವ ಜಾಗದಲ್ಲಿ ದಿನಕ್ಕೊಂದು ಫಜೀತಿ ಆಗದಿದ್ದರೆ, ಅವತ್ತು ಅರ್ಧ ಜನ ರಜೆ ಹಾಕಿದ್ದಾರೆ ಎಂದೇ ತಿಳಿಯಬೇಕು. ನಮ್ಮ ಟ್ರಕ್ ಯಾರ್ಡಿನಲ್ಲಂತೂ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ನನಗೇನೂ ನಗು ಬಂದಿರಲಿಲ್ಲ, ಬೆವರು ಬಂದಿತ್ತು. ಈಗ ಎಲ್ಲ ಒಂದು ದಡ ಮುಟ್ಟಿದೆ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ನಾವು ಇಂಡಿ ಕಡೆಯವರು. ಅಪ್ಪ ಗೋವಾಕ್ಕೆ ಬಂದು ಗಣಿಯಲ್ಲಿ ಕೂಲಿ ಮಾಡಿದರು, ನಾನು ಅದಿರು ಸಾಗಿಸುವ ಟ್ರಕ್ ಓಡಿಸಿದೆ. ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದ ಮೇಲೆ ಸೊಂಟ ಕೈಕೊಟ್ಟಿತು. ಮಡಗಾಂವಿನ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ನೋಡಿ, "ಇನ್ನು ಮೇಲೆ ಟ್ರಕ್ ಹತ್ತುವಾಗಲೇ ಇಳಿಸಿಕೊಳ್ಳಲು ನಾಲ್ಕು ಜನರನ್ನು ಕರೆದುಕೊಂಡು ಹೋಗು" ಅಂದರು. ಸಾವರ್ಡೆಯ ಬಾಡಿಗೆ ಮನೆಯಲ್ಲಿ ಹೆಂಡತಿ ಅಳಲಿಲ್ಲ, ಆದರೆ ಎರಡು ದಿನ ಟಿವಿ ಹಾಕಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಡ್ರೈವಿಂಗ್ ಬಿಟ್ಟರೆ ನನಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

ಕುಡಚಡೆಯ ನಮ್ಮ ಯಾರ್ಡಿನ ಮಾಲೀಕರು ಗೋವಾದವರೇ. ಆರಡಿ ಮೇಲಿನ ಆಳು, ಬಾಯಿ ಜೋರು, ಮನಸ್ಸು ಮೆತ್ತಗೆ. ನಾವಿಬ್ಬರೂ ಮಾತಾಡುವುದು ಅರ್ಧ ಕೊಂಕಣಿ, ಅರ್ಧ ಹಿಂದಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ಸೂಪರ್‌ವೈಜರ್ ಜಾಗ ಖಾಲಿ ಇದೆ. ಆರು ತಿಂಗಳು ನೋಡುತ್ತೇನೆ. ಹದಿನಾಲ್ಕೂ ಡ್ರೈವರು ನಿನ್ನ ಮಾತು ಕೇಳಿದರೆ ಕೆಲಸ ನಿನ್ನದು. ಇಲ್ಲದಿದ್ದರೆ ಸಿಟ್ಟಾಗಬೇಡ" ಅಂದರು. ನಿನ್ನೆಯವರೆಗೆ ನನ್ನ ಜೊತೆ ಎಲೆಅಡಿಕೆ ಹಂಚಿಕೊಂಡವರು ಇವತ್ತು ನನ್ನ ಮಾತು ಯಾಕೆ ಕೇಳುತ್ತಾರೆ ಎಂಬುದೇ ನನಗೆ ತಿಳಿಯಲಿಲ್ಲ. ಮಾಲೀಕರಿಗೂ ಅದೇ ಅನುಮಾನ ಬಂದಿರಬೇಕು. ತಂಡವನ್ನು ನಡೆಸುವುದು ಹೇಗೆ ಅಂತ ಕಲಿಯಲು ಮಡಗಾಂವಿನಲ್ಲಿ ಒಂದು ದಿನದ ತರಬೇತಿಗೆ ಕಳಿಸಿದರು. ಆಮೇಲಿನ ಅನಾಹುತಗಳಿಗೆಲ್ಲ ಆ ಒಂದು ದಿನವೇ ಮೂಲ.

ಕುಶಲೋಪರಿ

ತರಬೇತಿಯ ಮೇಡಂ ಹೇಳಿದ ಮೊದಲ ಪಾಠ: "ಬೆಳಗ್ಗೆ ಪ್ರತಿಯೊಬ್ಬರನ್ನೂ ಹೇಗಿದ್ದೀರಿ ಅಂತ ಕೇಳಿ. ಉತ್ತರವನ್ನು ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ." ಪಾಪ, ಆಕೆ ನಮ್ಮ ಕಡೆಯ ಜನರನ್ನು ನೋಡಿರಲಿಲ್ಲ.

ಮರುದಿನ ಏಳು ಗಂಟೆಗೆ ಗೇಟಿನ ಹತ್ತಿರ ನಿಂತೆ. ಮೊದಲು ಬಂದವರು ಕಾಕಾ. ಎಲ್ಲರಿಗಿಂತ ಹಿರಿಯ ಡ್ರೈವರು, ಬಾಗಲಕೋಟೆ ಕಡೆಯವರು, ನನಗೆ ಟ್ರಕ್ ಕಲಿಸಿದವರೂ ಅವರೇ.

"ಕಾಕಾ, ಹೆಂಗದೀರಿ?"

"ಯಾಕ, ಏನಾತು?" ಅಂದರು ಗಾಬರಿಯಾಗಿ.

"ಏನಾಗಿಲ್ರಿ, ಸುಮ್ಮ ಕೇಳಾಕತ್ತೇನಿ."

ಕಾಕಾ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು. ಮೊಣಕಾಲಿನಿಂದ ಶುರುವಾಯಿತು. ಮೊಣಕಾಲಿಗೆ ಎಣ್ಣೆ ಕೊಟ್ಟ ವೈದ್ಯ, ವೈದ್ಯನ ತಮ್ಮ, ಆ ತಮ್ಮ ಮಾರಿದ ಎಮ್ಮೆ, ಎಮ್ಮೆ ಹಾಲು ಕೊಡದೇ ಇದ್ದುದು, ಅಲ್ಲಿಂದ ಬೀಗರ ಮನೆಯ ವ್ಯಾಜ್ಯ. ನಾನು ಬಾಯಿ ಹಾಕಲಿಲ್ಲ. ಎರಡನೆಯವನು ತನ್ನ ಸರದಿಗೆ ಕಾಯುತ್ತಾ ಬೀಡಿ ಹಚ್ಚಿದ. ಮೂರನೆಯವನು ಮನೆಯಿಂದ ಫೋಟೋ ಆಲ್ಬಮ್ ತರಿಸಲೇ ಅಂತ ಕೇಳಿದ.

ಹತ್ತೂವರೆಗೆ ಮಾಲೀಕರ ಫೋನು. "ಏನೋ ಇದು? ಗಣಿಯಿಂದ ಕೇಳುತ್ತಿದ್ದಾರೆ, ಒಂದು ಗಾಡಿಯೂ ಬಂದಿಲ್ಲವಂತೆ!"

"ನಾಲ್ಕನೇ ಡ್ರೈವರನ ಸೊಸೆಯನ್ನು ಈಗಷ್ಟೇ ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದ್ದಾರೆ ಸಾಹೇಬರೇ" ಅಂದೆ.

ಅವರ ದನಿ ತಟ್ಟನೆ ಮೆತ್ತಗಾಯಿತು. "ಅಯ್ಯೋ, ಹೌದಾ? ಯಾವ ಆಸ್ಪತ್ರೆ?"

"ಅದು ಹೋದ ವರ್ಷದ್ದು ಸಾಹೇಬರೇ. ಮಗು ಹುಟ್ಟಿದ ಕೂಡಲೇ ಐದನೆಯವನನ್ನು ಕೇಳುತ್ತೇನೆ."

ಹೊಗಳಿಕೆ

ಎರಡನೇ ಪಾಠ: ಹೊಗಳುವುದಿದ್ದರೆ ಎಲ್ಲರ ಮುಂದೆ ಹೊಗಳಬೇಕು, ಬೈಯುವುದಿದ್ದರೆ ಒಬ್ಬರೇ ಇರುವಾಗ ಬೈಯಬೇಕು.

ನಮ್ಮಲ್ಲಿ ಒಬ್ಬ ಡ್ರೈವರು ಏಳು ವರ್ಷದಲ್ಲಿ ಗಾಡಿಗೆ ಒಂದು ಗೀಟೂ ಬೀಳಿಸಿಲ್ಲ. ಸಂಜೆ ಎಲ್ಲರನ್ನೂ ಸೇರಿಸಿ ಅವನ ಹೆಗಲ ಮೇಲೆ ಕೈಯಿಟ್ಟು, "ಇಂಥಾ ಡ್ರೈವರ್ ಇಡೀ ಕುಡಚಡ್ಯಾಗ ಇಲ್ಲ" ಅಂತ ಹೊಗಳಿ ಚಪ್ಪಾಳೆ ಹೊಡೆಸಿದೆ. ಚಪ್ಪಾಳೆ ಬಿದ್ದವು, ಆದರೆ ಯಾಕೋ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಹೊಗಳಿಸಿಕೊಂಡವನ ಮುಖವಂತೂ ಬಿಳಿಚಿಕೊಂಡಿತ್ತು.

ಮರುದಿನ ಬೆಳಗ್ಗೆ ಆಫೀಸಿಗೆ ಅವನ ಹೆಂಡತಿ ಬಂದಳು, ಜೊತೆಗೆ ಅವನ ಅತ್ತೆ.

"ಅಣ್ಣಾರ, ನಮ್ಮವ್ರು ಏನ್ ತಪ್ಪ ಮಾಡ್ಯಾರ?"

"ಏನೂ ಇಲ್ಲವ್ವ. ನಿನ್ನಿ ಎಲ್ಲಾರ ಮುಂದ ಹೊಗಳೇನಿ."

"ಅದಕ್ಕ ಬಂದೇವ್ರಿ!" ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಆಗ ನನಗೆ ಹೊಳೆಯಿತು. ನಮ್ಮ ಯಾರ್ಡಿನಲ್ಲಿ ಈವರೆಗೆ ಯಾರನ್ನಾದರೂ ಎಲ್ಲರ ಮುಂದೆ ಹೊಗಳಿದ್ದು ಎರಡೇ ಸಂದರ್ಭದಲ್ಲಿ. ಕೆಲಸ ಬಿಡಿಸಿ ಊರಿಗೆ ಕಳಿಸುವಾಗ, ಇಲ್ಲವೇ ಸತ್ತಾಗ. ಅತ್ತೆ ಮಧ್ಯೆ ಬಂದು, "ನಮ್ಮ ಅಳಿಯಾ ಇನ್ನೂ ಗಟ್ಟಿ ಅದಾನ್ರಿ, ನಾಲ್ಕ ಜ್ವಾಳದ ರೊಟ್ಟಿ ತಿಂತಾನ" ಎಂದು ಸಾಕ್ಷಿ ಹೇಳಿದಳು.

ಬೇರೆ ದಾರಿ ಕಾಣಲಿಲ್ಲ. ಹೊರಗೆ ಹೋಗಿ, ಎಲ್ಲರ ಎದುರಿಗೇ ಅವನಿಗೆ ಗಾಜು ಒರೆಸಿಲ್ಲ, ಟಾರ್ಪಾಲು ಸರಿಯಾಗಿ ಬಿಗಿದಿಲ್ಲ ಅಂತ ಐದು ನಿಮಿಷ ಜೋರಾಗಿ ಬೈದೆ. ಅವನ ಮುಖಕ್ಕೆ ರಕ್ತ ಮರಳಿ ಬಂತು. ಹೆಂಡತಿ ಕೈಮುಗಿದು, "ಇಷ್ಟ ಬೇಕಾಗಿತ್ರಿ" ಎಂದು ಹಗುರಾಗಿ ಮನೆಗೆ ಹೋದಳು.

ಆ ಮಧ್ಯಾಹ್ನ ಇನ್ನೊಬ್ಬ ಡ್ರೈವರು ನನ್ನ ಹಿಂದೆಮುಂದೆ ಸುಳಿದಾಡಿ, ಕೊನೆಗೆ ಬಾಯಿ ಬಿಟ್ಟ: "ನನ್ನ ಬೈದು ಹದಿನೈದ ದಿನಾ ಆತಲ್ರಿ. ನನ್ನ ಮ್ಯಾಲ ಏನರ ಸಿಟ್ಟೈತೇನು?"

ಸಲಹಾ ಪೆಟ್ಟಿಗೆ

ಮೂರನೇ ಪಾಠ ಸಲಹಾ ಪೆಟ್ಟಿಗೆ. ಹೆಸರು ಬರೆಯದೆ ಯಾರು ಬೇಕಾದರೂ ಸಲಹೆ ಹಾಕಬಹುದು. ಹಳೇ ಬಿಸ್ಕತ್ತಿನ ಡಬ್ಬಿಗೆ ಸೀಳು ಮಾಡಿಸಿ, ಎಲ್ಲರ ಕಣ್ಣಿಗೂ ಬೀಳಲಿ ಅಂತ ಆಫೀಸಿನ ಬಾಗಿಲಿನ ಮೇಲಿನ ಅಡ್ಡಪಟ್ಟಿಗೇ ತೂಗುಹಾಕಿಸಿದೆ.

ಒಂದು ತಿಂಗಳು ಕಾದೆ. ತೆರೆದಾಗ ಒಂದೇ ಒಂದು ಚೀಟಿ ಇತ್ತು. ನನಗೆ ಅಷ್ಟಕ್ಕೇ ಖುಷಿಯಾಯಿತು. ಬಿಡಿಸಿ ಓದಿದೆ: "ಈ ಡಬ್ಬಿಯನ್ನು ಇಲ್ಲಿಂದ ತೆಗೆಯಿರಿ. ದಿನಾ ಹಣೆಗೆ ಬಡಿಯುತ್ತದೆ."

ಹೆಸರು ಇರಲಿಲ್ಲ. ಆದರೆ ಚೀಟಿ ಕೊಂಕಣಿಯಲ್ಲಿತ್ತು, ಮತ್ತು ಇಡೀ ಯಾರ್ಡಿನಲ್ಲಿ ಆ ಡಬ್ಬಿಗೆ ಹಣೆ ತಾಗುವಷ್ಟು ಎತ್ತರ ಇದ್ದದ್ದು ಮಾಲೀಕರೊಬ್ಬರೇ.

ಪಾಳಿ

ಹೀಗೆ ಆರು ತಿಂಗಳು ತುಂಬುತ್ತಾ ಬಂತು. ಮಾಲೀಕರು ಏನೂ ಹೇಳುತ್ತಿರಲಿಲ್ಲ. ಹೆಂಡತಿ ದಿನಾ ರಾತ್ರಿ ಊಟಕ್ಕೆ ಬಡಿಸುತ್ತಾ, "ಏನರ ಅಂದ್ರೇನು?" ಅಂತ ಕೇಳುವಳು. ಇಲ್ಲ ಅನ್ನುತ್ತಿದ್ದೆ. ಆಗಲೇ ಸುದ್ದಿ ಬಂತು: ಗಣಿ ಕಂಪನಿಯ ಸೇಫ್ಟಿ ಸಾಹೇಬರು ಯಾರ್ಡ್ ನೋಡಲು ಬರುತ್ತಾರೆ. ಮಾಲೀಕರು ಬಾಯಿಬಿಟ್ಟು ಹೇಳಿಯೇ ಬಿಟ್ಟರು. "ಅವರು ಒಳ್ಳೆಯ ಮಾತು ಹೇಳಿದರೆ ನಿನ್ನ ಕೆಲಸ ಕಾಯಂ. ಇಲ್ಲದಿದ್ದರೆ ನಾನೇನೂ ಮಾಡಲಾರೆ."

ಇಲ್ಲಿ ನಮ್ಮ ಯಾರ್ಡಿನ ಒಂದು ಪದ್ಧತಿ ಹೇಳಬೇಕು. ಜಾಗ ಇಕ್ಕಟ್ಟು, ಗಾಡಿಗಳನ್ನು ಸಾಲಾಗಿ ನಿಲ್ಲಿಸಲು ಆಗುವುದಿಲ್ಲ. ಗಣಿಯಿಂದ ಸೀಟಿ ಬಂದಾಗ ಒಂದೊಂದೇ ಗಾಡಿ ಹೊರಡಬೇಕು. ಮೊದಲು ಹೋದವನಿಗೆ ಸಂಜೆಯೊಳಗೆ ಒಂದು ಟ್ರಿಪ್ ಹೆಚ್ಚು ಸಿಗುತ್ತದೆ, ಹಾಗಾಗಿ ಪಾಳಿ ಎಂದರೆ ಎಲ್ಲರಿಗೂ ಪ್ರಾಣ. ಡ್ರೈವರು ಬಂದ ಕೂಡಲೇ ತನ್ನ ಎಡಗಾಲಿನ ಚಪ್ಪಲಿಯನ್ನು ಆಫೀಸಿನ ಗೋಡೆಯ ಬುಡದಲ್ಲಿ ಇಡುತ್ತಾನೆ. ಮುಂದಿನವನು ಅದರ ಪಕ್ಕದಲ್ಲಿ. ಆಮೇಲೆ ಎಲ್ಲರೂ ಒಂಟಿ ಚಪ್ಪಲಿಯಲ್ಲಿ ಪಾವ್-ಭಾಜಿ ತಿನ್ನಲು ಹೋಗುತ್ತಾರೆ. ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ನಾನೂ ಹದಿನೆಂಟು ವರ್ಷ ಹಾಗೇ ಇಟ್ಟವನು.

ಸಾಹೇಬರು ಬರುವ ಹಿಂದಿನ ದಿನ ಕಂಪನಿಯಿಂದ ಎಲ್ಲರಿಗೂ ಹೊಸ ಸೇಫ್ಟಿ ಬೂಟು ಬಂದವು. ಹದಿನಾಲ್ಕು ಜೊತೆ, ಎಲ್ಲ ಕಪ್ಪು, ಎಲ್ಲ ಒಂಬತ್ತು ನಂಬರು. "ನಾಳೆ ಎಲ್ಲಾರೂ ಇದನ್ನ ಹಾಕ್ಕೊಂಡ ಬರ್ರಿ. ನನ್ನ ಹೊಟ್ಟಿಪಾಡಿನ ಪ್ರಶ್ನಿ ಐತಿ" ಎಂದು ಕೈಮುಗಿದೆ. ಹದಿನಾಲ್ಕೂ ಜನ ಹಾಕಿಕೊಂಡೇ ಬಂದರು. ಜೀವನದಲ್ಲಿ ಮೊದಲ ಸಲ ನನ್ನ ಮಾತು ಎಲ್ಲರೂ ಒಟ್ಟಿಗೆ ಕೇಳಿದ್ದರು. ಆದರೆ ಕಾಲಿಗೆ ಬೂಟು ಬಂದಿತ್ತೇ ಹೊರತು ತಲೆಯೊಳಗೆ ಇನ್ನೂ ಚಪ್ಪಲಿಯೇ ಇತ್ತು.

ಹತ್ತಕ್ಕೆ ಬರಬೇಕಾದ ಸಾಹೇಬರು ಎಂಟಕ್ಕೇ ಮಾಲೀಕರ ಜೊತೆ ಕಾರಿನಿಂದ ಇಳಿದರು. ಗೋಡೆಯ ಬುಡದಲ್ಲಿ ಹದಿನಾಲ್ಕು ಎಡಗಾಲಿನ ಬೂಟು. ಅಂಗಳದಲ್ಲಿ ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಕೈಯಲ್ಲಿ ಪಾವು ಹಿಡಿದ ಹದಿನಾಲ್ಕು ಜನ.

"ಇದೇನು?" ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು. ಮಾಲೀಕರು ಆಕಾಶ ನೋಡಿದರು.

ಕಾಕಾ ಪಾವು ಜೇಬಿಗೆ ಹಾಕಿ ಮುಂದೆ ಬಂದರು. "ತಪಾಸಣೆ ಸಾಹೇಬರೇ" ಅಂದರು ತಮ್ಮ ಹರಕುಮುರುಕು ಹಿಂದಿಯಲ್ಲಿ. "ನಮ್ಮ ಸೂಪರ್‌ವೈಜರ್ ದಿನಾ ಬೂಟಿನ ತಳ ನೋಡದೆ ಗಾಡಿ ಹತ್ತಿಸುವುದಿಲ್ಲ. ಇವತ್ತು ಎಡಗಾಲು, ನಾಳೆ ಬಲಗಾಲು."

ಉಳಿದ ಹದಿಮೂರೂ ಜನ ತಲೆ ಆಡಿಸಿದರು. ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನನಗಾಗಿ ಒಬ್ಬರ ಮುಖ ಒಬ್ಬರು ನೋಡದೆ ಒಟ್ಟಿಗೆ ಸುಳ್ಳು ಹೇಳಿದ್ದರು.

ಸಾಹೇಬರಿಗೆ ಭಾರಿ ಸಂತೋಷವಾಯಿತು. "ವಾಹ್! ಇಂಥದ್ದನ್ನು ನಾನು ಎಲ್ಲೂ ನೋಡಿಲ್ಲ" ಎಂದು ತಾವೇ ಕೂತು ಒಂದೊಂದೇ ಬೂಟನ್ನು ಎತ್ತಿ, ತಳ ನೋಡಿ, ಮೂಲೆಗೆ ಎಸೆಯುತ್ತಾ ಹೋದರು. ಬೂಟಿನ ಜೊತೆಗೆ ಹದಿನಾಲ್ಕು ಜನರ ಪಾಳಿಯೂ ರಾಶಿ ಸೇರುತ್ತಿತ್ತು. ಕೊನೆಗೆ ಉತ್ಸಾಹ ಹೆಚ್ಚಾಗಿ, "ನನ್ನದೂ ನೋಡಿ" ಎಂದು ತಮ್ಮ ಕಂದು ಬಣ್ಣದ ಎಡಗಾಲು ಬೂಟನ್ನು ಬಿಚ್ಚಿ ಕಾಕಾರ ಕೈಗೆ ಕೊಟ್ಟರು. ಕಾಕಾ ತಳ ನೋಡಿ, ಗಂಭೀರವಾಗಿ ತಲೆಯಾಡಿಸಿ, ಅದನ್ನು ಗೋಡೆಯ ಬುಡದಲ್ಲಿಟ್ಟರು.

ಅಷ್ಟರಲ್ಲಿ ಗಣಿಯ ಸೀಟಿ ಕೂಗಿತು.

ಹದಿನಾಲ್ಕೂ ಜನ ಕುಂಟುತ್ತಾ ಮೂಲೆಯ ರಾಶಿಯ ಮೇಲೆ ಬಿದ್ದರು. "ಇದು ನಂದು!" "ನಿಂದ ಹೆಂಗಾಕ್ಕೈತಿ, ನಾ ಮೂರನೇದಾಂವ!" "ಮೊದಲ ಬಂದಾಂವ ನಾನು!" ಎಲ್ಲ ಕಪ್ಪು, ಎಲ್ಲ ಒಂಬತ್ತು ನಂಬರು.

ಸಾಹೇಬರು ನನ್ನ ಕಡೆ ತಿರುಗಿದರು. "ತಪಾಸಣೆಗೆ ಇಷ್ಟು ಜಗಳವೇ?"

ಇನ್ನು ಮುಚ್ಚಿಟ್ಟು ಫಲವಿಲ್ಲ ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ಮನಸ್ಸಿನಲ್ಲೇ ಹೆಂಡತಿಗೆ ಏನು ಹೇಳುವುದು ಅಂತ ಜೋಡಿಸಿಕೊಳ್ಳುತ್ತಿದ್ದೆ.

ಸಾಹೇಬರು ಗೋಡೆಯ ಬುಡದ ಕಡೆ ಕೈ ತೋರಿಸಿದರು. "ಈ ಚಪ್ಪಲಿಗಳನ್ನು ದಿನಾ ಕಾಯುವವರು ಯಾರು?"

"ಯಾರೂ ಇಲ್ಲ ಸಾಹೇಬರೇ."

"ಪಾಳಿಗಾಗಿ ಎಷ್ಟು ಸಲ ಹೊಡೆದಾಟ ಆಗಿದೆ?"

"ನನಗೆ ತಿಳಿದ ಹಾಗೆ ಇವತ್ತೇ ಮೊದಲು ಸಾಹೇಬರೇ. ನೀವು ಬೂಟು ಎಸೆದ ಮೇಲೆ."

ಮಾಲೀಕರು ಕಣ್ಣು ಮುಚ್ಚಿಕೊಂಡರು. ಆದರೆ ಸಾಹೇಬರು ನಕ್ಕರು, ಸಣ್ಣಗೆ ಶುರುವಾಗಿ ಹೊಟ್ಟೆ ಹಿಡಿದುಕೊಳ್ಳುವವರೆಗೆ. "ಬೇರೆ ಯಾರ್ಡುಗಳಲ್ಲಿ ಪಾಳಿಗಾಗಿ ತಲೆ ಒಡೆಯುತ್ತವೆ. ಇಲ್ಲಿ ಕಾವಲಿಲ್ಲದೆ ಚಪ್ಪಲಿ ನಿಲ್ಲುತ್ತದೆ, ಮೇಲಿಂದ ಇವನಿಗಾಗಿ ಹದಿನಾಲ್ಕು ಜನ ಸುಳ್ಳು ಹೇಳುತ್ತಾರೆ. ಈ ಮನುಷ್ಯನನ್ನು ಬಿಡಬೇಡಿ" ಅಂದರು. ಮಾಲೀಕರು ಕಣ್ಣು ತೆರೆದು, "ಬಿಡುವ ಮಾತೇ ಇಲ್ಲ, ಇವತ್ತಿನಿಂದಲೇ ಕಾಯಂ" ಎಂದು ನನ್ನ ಬೆನ್ನಿಗೆ ಬಲವಾಗಿ ಗುದ್ದಿದರು. ಗುದ್ದು ಸೊಂಟದ ನೋವಿದ್ದ ಜಾಗಕ್ಕೇ ಬಿತ್ತು, ಆದರೂ ಆರು ತಿಂಗಳಲ್ಲಿ ಅಷ್ಟು ಹಾಯಾಗಿ ನಾನು ಉಸಿರು ಬಿಟ್ಟಿರಲಿಲ್ಲ. ಅಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದೆ. "ಅಂದ್ರು" ಅಂದೆ ಅಷ್ಟೇ. ಆ ಕಡೆ ಟಿವಿ ಹಚ್ಚಿದ ಸದ್ದು ಕೇಳಿತು.

ಅಷ್ಟು ಹೊತ್ತಿಗೆ ಜಗಳ ತಣ್ಣಗಾಗಿತ್ತು. ಹದಿನಾಲ್ಕು ಜನ ಏನೋ ಪಿಸಿಪಿಸಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಕಾಕಾ ಕಂದು ಬೂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಾಹೇಬರ ಮುಂದೆ ಬಂದು ನಿಂತರು. ಸಾಹೇಬರು ಕಾಲು ಮುಂದೆ ಚಾಚಿದರು. ಕಾಕಾ ಬೂಟು ಕೊಡಲಿಲ್ಲ.

"ಸಾಹೇಬರೇ, ರಾಶಿಯೊಳಗೆ ಯಾರ ಬೂಟು ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ಗೋಡೆಯ ಬುಡದಲ್ಲಿ ಸರಿಯಾಗಿ ನಿಂತಿದ್ದದ್ದು ನಿಮ್ಮದೊಂದೇ. ಪದ್ಧತಿ ಪ್ರಕಾರ ಇವತ್ತಿನ ಮೊದಲ ಪಾಳಿ ನಿಮ್ಮದು. ಬೇಗ ಹೇಳಿ, ನಿಮ್ಮ ಟ್ರಕ್ ಎಲ್ಲಿದೆ?"