ಮೇಷ್ಟರ ಕುರ್ಚಿಯಲ್ಲಿ ನನ್ನ ತಾಳ

ಸಂಗೀತ ಕಲಿಯದೆ ಸಂಗೀತ ಸವಿಯುವುದರಲ್ಲಿ ನನಗೆ ಇಪ್ಪತ್ತು ವರ್ಷಗಳ ಅನುಭವವಿದೆ. ನನ್ನ ಹೆಂಡತಿ ಸುಮಿತ್ರಾ ಬೆಳಿಗ್ಗೆ ಅಭ್ಯಾಸಕ್ಕೆ ಕೂತರೆ, ನಾನು ಅಡುಗೆಮನೆ ಬಾಗಿಲಿಗೆ ಒರಗಿ ಕಾಫಿ ಆರುವ ತನಕ ಕೇಳುತ್ತೇನೆ. ಯಾವ ರಾಗ, ಯಾವ ತಾಳ, ದೇವರಾಣೆ ಗೊತ್ತಿಲ್ಲ. ಚೆನ್ನಾಗಿದೆ ಎಂಬುದು ಮಾತ್ರ ಗೊತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ನೆಮ್ಮದಿ ಇರುತ್ತಿತ್ತು.

ಹೋದ ವರ್ಷ ರಾಮನವಮಿಗೆ ಒಂಟಿಕೊಪ್ಪಲಿನ ಪೆಂಡಾಲಿನಲ್ಲಿ ಅವಳ ಕಛೇರಿ ನಿಗದಿಯಾಯಿತು. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಕಛೇರಿ! ಹೆದರಿಕೆಗೆ ಒಂದು ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ.

"ಏನೂ ಯೋಚ್ನೆ ಮಾಡ್ಬೇಡ. ಎದುರಿಗೆ ನಾನು ಕೂತಿರ್ತೀನಲ್ಲ," ಎಂದೆ.

"ಕೂತ್ಕೊಳ್ಳಿ. ಸುಮ್ನೆ ಕೂತ್ಕೊಳ್ಳಿ, ಅಷ್ಟು ಸಾಕು."

ಸುಮ್ಮನೆ ಕೂರುವುದೇ? ಗಾಯಕಿಯ ಗಂಡನಿಗೆ ತಾಳ ಬರುವುದಿಲ್ಲವೆಂದರೆ ಜನ ಏನೆಂದಾರು! ಎರಡು ದಿನ ಫೋನಿನಲ್ಲಿ ವಿಡಿಯೋ ನೋಡಿ ಆದಿತಾಳವನ್ನು ವಶಪಡಿಸಿಕೊಂಡೆ. ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು-ಬೀಸು, ಪೆಟ್ಟು-ಬೀಸು. ಇಷ್ಟಕ್ಕೆ ಜನ ವರ್ಷಗಟ್ಟಲೆ ಯಾಕೆ ಒದ್ದಾಡುತ್ತಾರೋ ತಿಳಿಯಲಿಲ್ಲ.

ಅಂದು ಸಂಜೆ ಪೆಂಡಾಲಿನಲ್ಲಿ, ವೇದಿಕೆಗೆ ನೇರ ಎದುರಿನ ಕುರ್ಚಿಯ ಮೇಲೆ ಯಾರೋ ಶಲ್ಯ ಹಾಸಿದ್ದರು. ಕಲಾವಿದೆಯ ಪತಿಗೆಂದೇ ಕಾದಿರಿಸಿದ್ದಿರಬೇಕೆಂದು ಭಾವಿಸಿ, ಶಲ್ಯ ಮಡಚಿಟ್ಟು ವಿರಾಜಮಾನನಾದೆ. ಸ್ವಲ್ಪ ಹೊತ್ತಿಗೆ ಅವಳ ಸಂಗೀತದ ಮೇಷ್ಟ್ರು ಬಂದರು. ನನ್ನನ್ನು ನೋಡಿದರು, ಶಲ್ಯ ನೋಡಿದರು. "ಪರವಾಗಿಲ್ಲ, ಕೂತ್ಕೊಳ್ಳಿ," ಎಂದು ಹೇಳಿ ಹಿಂದೆ ಮೂರನೇ ಸಾಲಿಗೆ ಹೋದರು. ಆಮೇಲೆ ತಿಳಿಯಿತು, ಹಾಡುವಾಗ ಅಳುಕಿದರೆ ಶಿಷ್ಯರು ಎದುರು ಕೂತ ಗುರುಗಳ ಕೈ ನೋಡಿ ತಾಳ ಹಿಡಿಯುತ್ತಾರಂತೆ. ಆ ಕುರ್ಚಿ ಆ ಕೈಗೆ ಮೀಸಲು. ಇದನ್ನು ವಿಡಿಯೋದಲ್ಲಿ ಹೇಳಿರಲಿಲ್ಲ.

ಕಛೇರಿ ಶುರುವಾಯಿತು. ಮೂರನೇ ಬೆರಳಿನ ಹತ್ತಿರವೇ ನನ್ನ ಲೆಕ್ಕ ತಪ್ಪಿತು. ಅದೃಷ್ಟಕ್ಕೆ ಪಕ್ಕದಲ್ಲಿ ಶಿವಲಿಂಗಪ್ಪನವರಿದ್ದರು. ರಾಮಕೃಷ್ಣನಗರದಲ್ಲಿ ನಮ್ಮ ಎದುರು ಮನೆಯವರು, ಬಟ್ಟೆ ಅಂಗಡಿ ಇಟ್ಟವರು. ಅವರ ಕೈ ಗಂಭೀರವಾಗಿ ತೊಡೆ ತಟ್ಟುತ್ತಿತ್ತು. ಅವರನ್ನೇ ಅನುಸರಿಸಿದೆ. ಅವರು ಬೀಸಿದರೆ ನಾನೂ ಬೀಸಿದೆ. ಅವರು ಚುರುಕಾದರೆ ನಾನೂ ಚುರುಕಾದೆ.

ಅಷ್ಟರಲ್ಲಿ ಸುಮಿತ್ರಾ ಅಳುಕಿ, ಮೇಷ್ಟರ ಕುರ್ಚಿಯತ್ತ ನೋಡಿದಳು. ಅಲ್ಲಿ ನನ್ನ ಕೈಯಿತ್ತು.

ಅವಳ ಹುಬ್ಬು ಮೇಲೇರಿತು. ಮೆಚ್ಚುಗೆಯೆಂದು ತಿಳಿದು ಇನ್ನೂ ಜೋರಾಗಿ ತಟ್ಟಿದೆ! ಅವಳು ನನ್ನ ತಾಳಕ್ಕೆ ಓಡಿದಳು. ಮೃದಂಗದವರು ಅವಳನ್ನೂ ನನ್ನನ್ನೂ ನೋಡಿ ಕೈ ಎತ್ತಿಬಿಟ್ಟರು. ಪಿಟೀಲು ನಿಂತಿತು. ಕೊನೆಗೆ ಅವಳ ಹಾಡೂ ನಿಂತಿತು. ಇಡೀ ಪೆಂಡಾಲಿನಲ್ಲಿ ನನ್ನ ತೊಡೆಯ ಸದ್ದೊಂದೇ, ಇನ್ನೂ ಎರಡು ಪೆಟ್ಟು.

ಮೂರನೇ ಸಾಲಿನಲ್ಲಿ ಮೇಷ್ಟ್ರು ಎದ್ದು ನಿಂತು, ಎರಡೂ ಕೈ ತಲೆಯ ಮೇಲೆತ್ತಿ ತಾಳ ಹಾಕಿದರು. ಅವಳು ಕಣ್ಣೊರೆಸಿಕೊಂಡು ಮತ್ತೆ ಹಿಡಿದಳು. ಮುಗಿಯುವ ತನಕ ನನ್ನ ಕಡೆ ತಿರುಗಲಿಲ್ಲ.

ಮುಗಿದ ಮೇಲೆ ಶಿವಲಿಂಗಪ್ಪನವರನ್ನು ತಡೆದೆ. "ಏನ್ರೀ, ಹಿಂಗಾ ತಾಳ ಹಾಕೋದು? ನಿಮ್ಮನ್ನ ನಂಬ್ಕೊಂಡು ಕೆಟ್ಟೆ!"

"ನನ್ನನ್ನಾ? ನಾನು ನಿಮ್ಮ ಕೈ ನೋಡ್ಕೊಂಡು ಹಾಕ್ತಿದ್ದೆ ಕಣ್ರೀ! ಮೇಡಮ್ಮೋರ ಯಜಮಾನ್ರು, ಗೊತ್ತಿರ್ತದೆ ಅಂದ್ಕೊಂಡ್ಬುಟ್ಟೆ!"

ಮನೆಗೆ ಬಂದು ಬೀಗ ತೆಗೆಯುವಾಗ ಸುಮಿತ್ರಾ ಹೇಳಿದಳು: "ನಿಮಗೆ ತಾಳ ಬರಲ್ಲ ಅಂತ ನನಗೆ ಗೊತ್ತಿಲ್ವೇನ್ರೀ? ಕಾಫಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀರಲ್ಲ, ಆ ಮುಖ ಕಂಡಿದ್ರೆ ಸಾಕಾಗಿತ್ತು. ಇವತ್ತು ಬರೀ ಕೈ ಕಾಣಿಸ್ತು."

ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಈ ವರ್ಷ ಅವಳನ್ನು ಮತ್ತೆ ಕರೆದರು. ಎದುರಿನ ಕುರ್ಚಿ ಮೇಷ್ಟರಿಗೆ. ನನಗೆ ಎರಡನೇ ಸಾಲು. ವೇದಿಕೆ ಹತ್ತುವ ಮೊದಲು ಸುಮಿತ್ರಾ ನನ್ನ ಎರಡು ಕೈಗೂ ಒಂದೊಂದು ತುಂಬಿದ ಪಾನಕದ ಲೋಟ ಕೊಟ್ಟಳು. "ನಾನು ಇಳಿಯೋ ತನಕ ಹಿಡ್ಕೊಂಡಿರಿ. ಕುಡೀಬೇಡಿ."

ಎರಡನ್ನೂ ಮಂಡಿಯ ಮೇಲಿಟ್ಟು ಹಿಡಿದು ಕೂತೆ. ಅಡುಗೆಮನೆ ಬಾಗಿಲಲ್ಲಿ ಕೇಳಿದಂತೆಯೇ ಕೇಳಿದೆ. ನಡುವೆ ಒಮ್ಮೆ ಅವಳು ನನ್ನ ಮುಖ ಹುಡುಕಿ, ನಕ್ಕು, ಮುಂದಕ್ಕೆ ಹಾಡಿದಳು. ನನ್ನ ಕಣ್ಣು ತುಂಬಿತು, ಒರೆಸಲು ಕೈ ಖಾಲಿ ಇರಲಿಲ್ಲ. ಅವಳ ತಾಳ ಎಲ್ಲೂ ತಪ್ಪಲಿಲ್ಲ. ಜನ ಎದ್ದು ಚಪ್ಪಾಳೆ ತಟ್ಟಿದರು.

ಅವಳು ಇಳಿದು ಬಂದು ಲೋಟಕ್ಕೆ ಕೈ ಚಾಚಿದಳು. ಎರಡೂ ಖಾಲಿ. ಪಂಚೆ ಮಂಡಿಯವರೆಗೂ ಪಾನಕ. ಕಾಲೂ ತಾಳ ಹಾಕುತ್ತದೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.