ಹಲಸಿನ ಯಂತ್ರಕ್ಕೆ ತೆಂಗಿನೆಣ್ಣೆ

ಬಂಟ್ವಾಳದ ನಮ್ಮ ಕಾರ್ಖಾನೆಯ ಸಂಶೋಧನಾ ವಿಭಾಗದಲ್ಲಿ ನಗುವಿಗೆ ಬರಗಾಲ ಬಂದದ್ದೇ ಇಲ್ಲ. ಹಲಸಿನ ಹಣ್ಣು ಬಿಡಿಸುವ ಯಂತ್ರ ಮಾಡುವುದು ನಮ್ಮ ಕೆಲಸ. ಇಷ್ಟು ವರ್ಷದಲ್ಲಿ ಯಂತ್ರ ಆಗಲಿಲ್ಲ, ತಮಾಷೆ ಬೇಕಾದಷ್ಟು ಆಯಿತು. ಈ ಸಲ ಹೆಡ್ಡಾಫೀಸಿನಿಂದ ಪತ್ರ ಬಂತು: 'ಕಲಿತದ್ದನ್ನು ನೀವು ಎಷ್ಟು ಚೆನ್ನಾಗಿ ಕಾಪಾಡಿ ಹಂಚಿಕೊಳ್ಳುತ್ತೀರಿ ಎಂದು ಅಳೆಯುತ್ತೇವೆ. ನೂರಕ್ಕೆ ಐವತ್ತು ಬಾರದಿದ್ದರೆ ವಿಭಾಗಕ್ಕೆ ಬೀಗ.' ವಿಭಾಗದ ಮುಖ್ಯಸ್ಥ ನಾನೇ. ಪತ್ರದ ಜೊತೆ ಬಂದ ಫಾರಂ ತುಂಬಿಸಲು ಎಲ್ಲರನ್ನೂ ಕರೆದು ಕೂತೆ.

೧. ಫಾರಂ

ಮೊದಲ ಪ್ರಶ್ನೆ: 'ನಿಮ್ಮ ಅನುಭವವನ್ನು ಎಲ್ಲಿ ಇಟ್ಟಿದ್ದೀರಿ?' ನಮ್ಮ ಹಿರಿಯ ಫಿಟ್ಟರ್ ತಲೆ ಮುಟ್ಟಿ ತೋರಿಸಿದರು.

"ಹಾಗೆ ಬರೆಯಲಿಕ್ಕೆ ಆಗುವುದಿಲ್ಲ ಮಾರಾಯ್ರೆ, ಜಾಗದ ಹೆಸರು ಬೇಕು," ಎಂದೆ.

"ಹಾಗಾದರೆ ಬೆಳುವಾಯಿ ಅಂತ ಬರೆಯಿರಿ. ಸಂಜೆ ಐದರ ಮೇಲೆ ಅದು ನನ್ನ ಮನೆಯಲ್ಲೇ ಇರ್ತದೆ."

೨. ಕಂಪ್ಯೂಟರ್

ಕಂಪ್ಯೂಟರಿನಲ್ಲಿ ಕಡತ ಹೆಚ್ಚಿದ್ದರೆ ಮಾರ್ಕೂ ಹೆಚ್ಚು ಅಂತ ಯಾರೋ ಹೇಳಿದರು. ಎರಡು ದಿನ ಕೂತು ಕಂಡದ್ದನ್ನೆಲ್ಲ ಸ್ಕ್ಯಾನ್ ಮಾಡಿ ತುಂಬಿಸಿದೆವು. ಆಮೇಲೆ ಯಾವುದನ್ನು ಅತಿ ಹೆಚ್ಚು ಜನ ಓದಿದ್ದಾರೆ ಅಂತ ನೋಡಿದೆ. ರಜಾದಿನಗಳ ಪಟ್ಟಿ.

೩. ಎದುರಿನ ಹೋಟೆಲು

ಹೆಡ್ಡಾಫೀಸಿನಿಂದ ಅಳೆಯಲಿಕ್ಕೆ ಬಂದ ಮೇಡಂಗೆ ಹೊಸ ಯಂತ್ರ ತೋರಿಸಿದೆ. "ಹಲಸಿನ ಮೇಣ ಅಂಟಬಾರದು ಅಂತ ಬೆಲ್ಟಿಗೆ ತೆಂಗಿನೆಣ್ಣೆ ಹಚ್ಚಿದ್ದೇವೆ, ಮೇಡಂ. ಯಾರಿಗೂ ಹೊಳೆಯದ ಉಪಾಯ!" ಮಧ್ಯಾಹ್ನದೊಳಗೆ ರಬ್ಬರ್ ಬೆಲ್ಟ್ ಉಬ್ಬಿ ಯಂತ್ರ ಗಪ್ಪನೆ ನಿಂತಿತು. ನಾಚಿಕೆಯಲ್ಲಿ ಅವರನ್ನು ಎದುರಿನ ಹೋಟೆಲಿಗೆ ಚಹಾಕ್ಕೆ ಕರೆದೆ.

ಹೋಟೆಲಿನ ಯಜಮಾನರು ಗ್ಲಾಸು ಇಡುತ್ತಾ, "ಏನು ಸರ್, ಪುನಃ ತೆಂಗಿನೆಣ್ಣೆಯಾ?" ಎಂದರು.

"ಪುನಃ?" ಮೇಡಂ ಪೆನ್ನು ತೆಗೆದರು.

"ಇದು ಮೂರನೇ ಸಲ. ಬೆಲ್ಟ್ ಉಬ್ಬಿದ ದಿನ ಇವರೆಲ್ಲ ಇಲ್ಲಿಯೇ ತಲೆ ಮೇಲೆ ಕೈ ಹೊತ್ತು ಕೂರುವುದು. ಎಣ್ಣೆ ತಾಗುವಲ್ಲಿಗೆ ರಬ್ಬರ್ ಬೆಲ್ಟ್ ಆಗುವುದಿಲ್ಲ, ಬೇರೆ ಬೆಲ್ಟ್ ಹಾಕುವ ಅಂತ ಮೊದಲ ಸಲವೇ ಮಾತಾಗಿತ್ತು."

ನಾನು ಇಡೀ ಬನ್ಸ್ ಬಾಯಿಗೆ ತುರುಕಿಕೊಂಡೆ. ಮುಗಿಯಿತು ನನ್ನ ಕಥೆ.

"ನೀವಾದರೂ ಇವರಿಗೆ ನೆನಪು ಮಾಡಬಾರದಿತ್ತಾ?" ಎಂದರು ಮೇಡಂ.

"ಇವರು ಕೇಳಬೇಕಲ್ಲ! ಹಲಸಿನ ಯಂತ್ರವನ್ನೇ ಮಾಡುವ ಮೂಡುಬಿದಿರೆ ಕಂಪನಿಯವರು ಚಹಾಕ್ಕೆ ಬಂದಾಗ ಕೇಳಿದರು. ಹೇಳಿದೆ. ಅವರ ಯಂತ್ರ ಚೆಂದ ಓಡ್ತಾ ಉಂಟು."

ವಾರದ ನಂತರ ಫಲಿತಾಂಶ ಬಂತು. ನೂರಕ್ಕೆ ಐವತ್ತೊಂದು! ಬದುಕಿದೆ ಅಂತ ಕುಣಿದೇಬಿಟ್ಟೆ. ಆಮೇಲೆ ವಿವರ ಓದಿದೆ. ಉಳಿದ ಎಲ್ಲವೂ ಸೇರಿ ಒಂದೇ ಒಂದು ಅಂಕ. 'ಹೊರಗಿನವರೊಂದಿಗೆ ಜ್ಞಾನ ಹಂಚಿಕೆ' ಎಂಬಲ್ಲಿ ಮಾತ್ರ ಐವತ್ತಕ್ಕೆ ಐವತ್ತು.